ಕಾಡುಕೋಣ ಗುದ್ದಿತು ಅಂತ ಬರ್ಕೊಳ್ರೀ!

ಖರೆ ಹೇಳ್ರಿ, ಮನೆ ಮುಂದೆ ಕಾರು ನಿಲ್ಲಿಸುವಾಗ ಎಡಮಗ್ಗಲು ಯಾವಾಗಲೂ ಗೋಡೆಗೇ ಹತ್ತಿಸಿ ನಿಲ್ಲಿಸ್ತೀರಲ್ಲ, ಯಾಕೆ? ನೆರಳಿಗೆ ಅಂತ ಮಾತ್ರ ಹೇಳಬೇಡಿ. ದಾಂಡೇಲಿಯಲ್ಲಿ ನೆರಳಿಗೇನು ಬರಗಾಲವೇ? ಎಡಗಡೆ ಹಿಂದಿನ ಬಾಗಿಲ ಮೇಲೆ ಗೇಣುದ್ದ ಗೀರು ಬಿದ್ದಿದೆ, ಅದು ಮನೆಯವರ ಕಣ್ಣಿಗೆ ಬಿದ್ದಿಲ್ಲ ಅಂತ ನಿಮ್ಮ ಭ್ರಮೆ. (ಬಿದ್ದಿದೆ. ಅವರು ಬಂಗಾರದ ಅಂಗಡಿ ಮಾತು ಬರೋ ದಿನಕ್ಕೆ ಕಾದಿದ್ದಾರೆ.)

ಸಂಕೋಚ ಬೇಡ. ಈ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಮೈಮೇಲೆ ಗೀರಿಲ್ಲದ ಕಾರು ಅಂದರೆ ಅದು ಇನ್ನೂ ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮಿನ ಗಾಜಿನೊಳಗೇ ನಿಂತಿದೆ ಅಂತ ಅರ್ಥ. ಕೆಎ 65 ಪ್ಲೇಟು ಬಿದ್ದ ಮೇಲೆ ತಿಂಗಳೊಪ್ಪತ್ತಿನಲ್ಲಿ ಮೊದಲನೇ ಗೀರೂ ಬಿದ್ದೇ ಬೀಳ್ತದೆ.

ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಬ್ಬಿನ ಸೀಜನ್ನಿನಲ್ಲಿ ಹೊತ್ತು ಮುಳುಗಿದ ಮೇಲೆ ಹಳಿಯಾಳ ರೋಡಿಗೆ ಇಳೀರಿ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಮೇಲೆ ಮಣ್ಣು, ಎರಡೂ ಮಗ್ಗಲಿಗೆ ಕಬ್ಬು ಚಾಚಿಕೊಂಡಿದೆ. ಓವರ್‌ಟೇಕ್ ಮಾಡುವಾಗ 'ಸರ್ರ್' ಅಂತ ಸಪ್ಪಳ ಬಂತಲ್ಲ, ಅದೇ. (ಟ್ರ್ಯಾಕ್ಟರಿನವನು ಹಾಡು ಜೋರು ಹಚ್ಚಿದ್ದ. ಅವನಿಗೇನೂ ಕೇಳಲಿಲ್ಲ.)

ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದರೆ ಬೇರೆ ಬಗೆ. ತಿರುವಿನಲ್ಲಿ ಕಾರವಾರದ ಬಸ್ಸು ಎದುರಾದರೆ ನೀವು ಗುಡ್ಡದ ಕಡೆ ಒತ್ತಬೇಕು, ಗುಡ್ಡ ಹಿಂದೆ ಸರಿಯೋದಿಲ್ಲ. ಮುಂಡಗೋಡದ ಕಡೆ ಸುಗ್ಗಿಯಲ್ಲಿ ರೋಡಿನ ಅರ್ಧ ಗೋವಿನಜೋಳದ ಕಣ. ಕಾಳು ಬಾಚಿಕೊಂಡು ಹೋಗ್ತಾರೆ, ಸುತ್ತ ಕಾವಲಿಗಿಟ್ಟ ಕಲ್ಲು ಅಲ್ಲೇ ಬಿಡ್ತಾರೆ. ಇನ್ನು ದಾಂಡೇಲಿಯಲ್ಲಿ ಶನಿವಾರ-ರವಿವಾರ ರಾಫ್ಟಿಂಗಿಗೆ ಬಂದವರು ರಿವರ್ಸ್ ತಗೊಳ್ಳೋ ಚಂದ ನೀವೇ ನೋಡಿದ್ದೀರಿ.

ಮಜಾ ಏನಪ್ಪಾ ಅಂದರೆ, ಇಷ್ಟು ಕಾರಣ ಕಣ್ಣೆದುರಿಗೆ ಬಿದ್ದಿದ್ದರೂ ನಿಮ್ಮ ಬಾಯಲ್ಲಿ ಬರೋದು ಒಂದೇ. "ರಾತ್ರಿ ಗಣೇಶಗುಡಿ ಹತ್ರ ಬರ್ತಿದ್ನಿ ನೋಡ್ರಿ, ಒಮ್ಮೆಲೆ ಕಾಡುಕೋಣ ಅಡ್ಡ ಬಂತು!" ಹೆಂಡತಿಗೆ ಕಾಡುಕೋಣ, ಆಫೀಸಿನಲ್ಲಿ ಕಾಡುಕೋಣ, ಗ್ಯಾರೇಜಿನಲ್ಲಿ ಕಾಡುಕೋಣ. ಕಡೆಗೆ ಇನ್ಶೂರೆನ್ಸ್ ಫಾರ್ಮು ತುಂಬೋ ಹುಡುಗನಿಗೂ "ಕಾಡುಕೋಣ ಗುದ್ದಿತು ಅಂತ ಬರ್ಕೊಳ್ರೀ" ಅಂತೀರಿ.

ಇಲ್ಲಿನ ಕಾಡು 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಮೀಸಲು ಆಯಿತು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು ಬಂತು. ಈ ಇಷ್ಟೂ ವರ್ಷ ಅಲ್ಲಿನ ಕಾಡುಕೋಣಗಳ ಮೇಲೆ ನಿಮ್ಮಷ್ಟು ಆಪಾದನೆ ಬೇಟೆಗಾರರೂ ಹೊರಿಸಿಲ್ಲ. ಸ್ವಲ್ಪ ಲೆಕ್ಕ ಹಾಕ್ರಿ. ಬೆಳೆದ ಗಂಡು ಕಾಡುಕೋಣ ಹತ್ತಿರಹತ್ತಿರ ಒಂದು ಟನ್ನು ತೂಗ್ತದೆ. ನಿಮ್ಮ ಸಣ್ಣ ಕಾರಿನದೂ ಅಷ್ಟೇ ತೂಕ. ಅದು ಖರೇನೇ ಗುದ್ದಿದ್ದರೆ ಬಾನೆಟ್ಟು ನಿಮ್ಮ ತೊಡೆ ಮೇಲೆ ಬಂದು ಕೂತಿರ್ತಿತ್ತು.

ನಿಮ್ಮ ಬಾಗಿಲ ಮೇಲಿರೋದು ಗೇಣುದ್ದ ಗೀರು. ಆ ಗೀರಿನ ತುಂಬ ಪಕ್ಕದ ಮನೆ ಗೇಟಿನ ಹಸಿರು ಬಣ್ಣ. ಹಸಿರು ಪೇಂಟ್ ಬಳಿದುಕೊಂಡ ಕಾಡುಕೋಣ ಯಾವ ಕಾಡಿನಲ್ಲಿದೆ ಸ್ವಾಮಿ? (ನಿಜವಾಗಿ ಪ್ರಾಣಿ ಗುದ್ದಿದರೆ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಕ್ಲೇಮ್ ಆಗ್ತದೆ, ಆ ಮಾತು ಬೇರೆ. ಫೋಟೋ ತೆಗೀರಿ, ಅರಣ್ಯ ಇಲಾಖೆಯವರಿಗೂ ತಿಳಿಸ್ರಿ. ಅದಕ್ಕೂ ಪೆಟ್ಟಾಗಿರ್ತದೆ, ಪಾಪ.)

ಮುಚ್ಚಿಡೋ ವಿದ್ಯೆಯಲ್ಲಂತೂ ನೀವು ಪಂಡಿತರು. ಗೀರಿನ ಅಳತೆಗೆ ಸ್ಟಿಕರ್ ಹುಡುಕ್ತೀರಿ. ಬಂಪರಿನ ಮೂಲೆ ಒಡೆದರೆ ಉಳವಿ ಚನ್ನಬಸವೇಶ್ವರ ಪ್ರಸನ್ನ. ಡಿಕ್ಕಿ ಮೇಲೆ ತಗ್ಗು ಬಿದ್ದರೆ ಅಪ್ಪು. ಬಾಗಿಲಿಗೆ ಉದ್ದ ಗೀರಾದರೆ ಓಡುವ ಕುದುರೆ. ಒಮ್ಮೆ ಬಸ್‌ಸ್ಟ್ಯಾಂಡ್ ಮುಂದೆ ಸುತ್ತು ಹಾಕಿ ನೋಡ್ರಿ, ದೇವರು ಎಲ್ಲೆಲ್ಲಿ ಓರೆಯಾಗಿ ಕೂತಿದ್ದಾನೋ ಅಲ್ಲೆಲ್ಲ ಕೆಳಗೆ ತಗಡು ಒಳಗೆ ಹೋಗಿರ್ತದೆ.

ಸ್ಟಿಕರ್ ಸಾಲದೇ ಹೋದರೆ ಯೂಟ್ಯೂಬ್. 'ಬಿಸಿನೀರು ಸುರಿದರೆ ಡೆಂಟ್ ಮಾಯ' ಅಂತ ಒಬ್ಬ ತೋರಿಸಿದ. ಅವನು ಸುಳ್ಳು ಹೇಳಿಲ್ಲ. ಬಂಪರು ಪ್ಲಾಸ್ಟಿಕ್ಕು, ಕಾದರೆ ಮೆತ್ತಗಾಗ್ತದೆ, ಒಳಗಿನಿಂದ ದೂಡಿದರೆ ಹೊರಗೆ ಬರ್ತದೆ. ನೀವು ಸುರಿದದ್ದು ಬಾಗಿಲ ತಗಡಿನ ಮೇಲೆ. (ಸ್ನಾನಕ್ಕೆ ಕಾಯಿಸಿಟ್ಟ ನೀರು ಅದು. ಮನೆಯವರು ಅದನ್ನೂ ಬರೆದಿಟ್ಟುಕೊಂಡಿದ್ದಾರೆ.)

ಟೂತ್‌ಪೇಸ್ಟ್ ತಿಕ್ಕಿದ್ದೂ ಗೊತ್ತು. ಒಂದು ಸಣ್ಣ ಪರೀಕ್ಷೆ ಹೇಳಿಕೊಡ್ತೇನೆ. ಗೀರಿನ ಅಡ್ಡಕ್ಕೆ ಉಗುರು ಎಳೀರಿ. ಉಗುರು ಸಿಕ್ಕದೆ ಜಾರಿದರೆ ಗೀರು ಮೇಲಿನ ಪದರದಲ್ಲೇ ಇದೆ, ರಬ್ಬಿಂಗ್-ಪಾಲಿಶ್‌ಗೆ ಹೋಗ್ತದೆ. ಉಗುರು ಸಿಕ್ಕಿಕೊಂಡರೆ ಬಣ್ಣದೊಳಗೆ ಇಳಿದಿದೆ ಅಂತ ಅರ್ಥ. ಅದಕ್ಕೆ ನಿಮ್ಮ ಹಲ್ಲಿನ ಪೇಸ್ಟು ಏನು ಮಾಡೀತು?

ಕಡೆಗೆ ಮೇಸ್ತ್ರಿ ಹತ್ತಿರ ಹೋಗೋದೇ. ಟಿಂಕರಿಂಗ್ ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬರ್ತಾನೆ, ಬೆರಳ ಗೆಣ್ಣಿನಿಂದ ಬಾಗಿಲು ತಟ್ತಾನೆ. "ಸಾಹೇಬ್ರ, ಇಲ್ಲಿ ಮೊದ್ಲ ಪಟ್ಟಿ ಬಿದ್ದೈತಲ್ರೀ?" "ಛೆ ಛೆ, ಒರಿಜಿನಲ್ ಪೇಂಟ್ ಅಂತ ಹೇಳೇ ಕೊಟ್ಟಾರ." "ಹೇಳಿರ್ತಾರ ಬಿಡ್ರಿ." ಅಲ್ಲಿಗೆ ನಿಮ್ಮ ಸೆಕೆಂಡ್ ಹ್ಯಾಂಡ್ ಕಾರಿನ ಜಾತಕ ಬಿಚ್ಚಿತು. ತಗಡು ಟಣ್ ಅಂತದೆ, ಪಟ್ಟಿ ಮೆತ್ತಿದ ಜಾಗ ಮಂಕಾಗಿ ಸಪ್ಪಳ ಮಾಡ್ತದೆ. ಅಯಸ್ಕಾಂತ ಇಟ್ಟರೂ ಅಲ್ಲಿ ಸರಿಯಾಗಿ ಹಿಡಿಯೋದಿಲ್ಲ. ಕಾರು ಕೊಳ್ಳುವಾಗ ನೀವು ತಟ್ಟಿ ನೋಡಿದ್ದು ಟೈರು ಮಾತ್ರ.

ಆಮೇಲೆ ಚೌಕಾಶಿ. ದಾಂಡೇಲಿಯಲ್ಲಿ ಒಂದು ರೇಟು, ಹಳಿಯಾಳದಲ್ಲಿ ಒಂದು, ಧಾರವಾಡದಲ್ಲಿ ಕಾಕಾನ ಪರಿಚಯದವರದ್ದು ಇನ್ನೊಂದು. ಮೂರೂ ಕೇಳಿಕೊಂಡು ಬರೋ ಪೆಟ್ರೋಲಿನಲ್ಲಿ ಒಂದು ಬಾಗಿಲಿಗೆ ಪ್ರೈಮರ್ ಹೊಡೀಬಹುದಿತ್ತು. ಹುಬ್ಬಳ್ಳಿಯ ಕಂಪನಿ ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ಕೇಳಿದರೆ ಎದೆ ಹಿಡಕೊಳ್ತೀರಿ: ಅವರು ಬಡಿದು ಸರಿ ಮಾಡೋದು ಕಡಿಮೆ, ಪ್ಯಾನೆಲ್ಲೇ ಚೇಂಜು. ನಮ್ಮ ಮೇಸ್ತ್ರಿ ಮಾತ್ರ ಸುತ್ತಿಗೆ, ಡಾಲಿ ಹಿಡಿದು ಕೂತರೆ ತಗಡನ್ನ ಮಾತಾಡಿಸಿ ಹೊರಗೆ ತರ್ತಾನೆ.

ಹಾಗಂತ ಮಳೆಗಾಲದಲ್ಲಿ ಅವನ ಕೊರಳಿಗೆ ಬೀಳಬೇಡಿ. ಜೋಯಿಡಾ ಮಳೆ ನಿಮಗೆ ಗೊತ್ತಲ್ಲ, ಗೋಡೆ ಮೇಲಿನ ಕ್ಯಾಲೆಂಡರೇ ಬೂಸ್ಟು ಹಿಡೀತದೆ. ಕಂಪನಿಯವರ ಬೂತಿನಲ್ಲಿ ಧೂಳಿಲ್ಲ, ಬಣ್ಣ ಕಾಯಿಸಿ ಒಣಗಿಸ್ತಾರೆ. ತಗಡಿನ ಶೆಡ್ಡಿನಲ್ಲಿ ಆಷಾಢದಲ್ಲಿ ಹೊಡೆದ ಬಣ್ಣದಡಿ ಪಸೆ ಉಳಿದು, ದೀಪಾವಳಿ ಹೊತ್ತಿಗೆ ಗುಳ್ಳೆ ಏಳ್ತದೆ. ಸಿಲ್ವರ್, ಪರ್ಲ್ ವೈಟ್ ಕಾರಾದರಂತೂ ಹೊಸ ಬಣ್ಣ ಹಳೆಯದಕ್ಕೆ ಕೂಡೋದೇ ಕಷ್ಟ. ದಸರಾ ಆಗಲಿ, ತಡಕೊಳ್ರಿ. ಅಲ್ಲೀತನಕ ಚನ್ನಬಸವೇಶ್ವರ ಇದ್ದಾನೆ.

"ಯಾಕ ತಲಿ ಕೆಡಿಸ್ಕೊಂತೀರಿ? ಇನ್ಶೂರೆನ್ಸ್ ಐತಲ್ಲ!" ಅಂತ ಕಟ್ಟೆ ಮೇಲೆ ಕೂತ ಯಾರಾದರೂ ಹೇಳೇ ಹೇಳ್ತಾರೆ. ನಿಮ್ಮ ಮುಖ ಅರಳ್ತದೆ. ಇಷ್ಟು ವರ್ಷ ಕಟ್ಟಿದ್ದೇವೆ, ಒಮ್ಮೆಯಾದರೂ ತಗೊಳ್ಳೋದು ಬೇಡವಾ? ಇನ್ಶೂರೆನ್ಸ್ ಅಂದರೆ ನಿಮಗೆ ಊರಿನ ಪತ್ತಿನ ಸಂಘದ ಆರ್‌ಡಿ ಇದ್ದ ಹಾಗೆ, ಕಟ್ಟಿದ್ದು ಯಾವತ್ತಾದರೂ ವಾಪಸ್ ಬರಬೇಕು.

ಬರ್ತದೆ, ಆದರೆ ಬಿಲ್ಲಿನ ಅಷ್ಟೂ ಬರೋದಿಲ್ಲ. ಮಾಮೂಲಿ ಪಾಲಿಸಿಯಲ್ಲಿ ಸವಕಳಿ ಅಂತ ಕಡಿತ ಇದೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗು ಇವಕ್ಕೆಲ್ಲ ಶೇ. 50 ನಿಮ್ಮ ತಲೆ ಮೇಲೆ. ಫೈಬರ್‌ಗೆ ಶೇ. 30. ಗಾಜಿಗೆ ಮಾತ್ರ ಸೊನ್ನೆ. ತಗಡಿಗೆ ಕಾರಿನ ವಯಸ್ಸು ನೋಡ್ತಾರೆ: ಆರು ತಿಂಗಳವರೆಗೆ ಏನಿಲ್ಲ, ಆಮೇಲೆ 5ರಿಂದ ಶುರುವಾಗಿ ಐದರಿಂದ ಹತ್ತು ವರ್ಷದೊಳಗಿನ ಕಾರಿಗೆ 40, ಹತ್ತು ದಾಟಿದರೆ 50. (ಕಾರಿಗೂ ನಮ್ಮ ಹಾಗೇ, ವಯಸ್ಸಾದಂತೆ ಬೆಲೆ ಕೊಡೋರು ಕಡಿಮೆ.)

ನಿಮ್ಮ ನಾಲ್ಕೂವರೆ ವರ್ಷದ ಕಾರನ್ನೇ ತಗೊಳ್ಳೋಣ. ಬಂಪರು 8,000, ಫೆಂಡರು 5,000, ಪೇಂಟಿಂಗ್ 6,000, ಒಟ್ಟು 19,000 ಅಂತ ಇಟ್ಕೊಳ್ಳಿ. ಬಂಪರಿನಲ್ಲಿ ನಿಮ್ಮ ಪಾಲು 4,000. ಫೆಂಡರಿಗೆ ಶೇ. 35, ಅಂದರೆ 1,750. ಪೇಂಟಿಂಗಿನ ಬಿಲ್ಲಿನಲ್ಲಿ ಕಾಲು ಭಾಗ ಸಾಮಾನು ಅಂತ ಹಿಡಿದು ಅದರ ಅರ್ಧ ಕಡಿತ, 750. ಇವೆಲ್ಲ ಆದ ಮೇಲೆ 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನೀವೇ ಕೊಡಬೇಕಾದ 1,000. ನಿಮ್ಮ ಕಿಸೆಯಿಂದ 7,500, ಕಂಪನಿಯಿಂದ 11,500.

"ಬರ್ಲಿ ಬಿಡ್ರಿ, ಹನ್ನೊಂದೂವರೆ ಸಾವಿರ ಏನು ಕಡಿಮೆಯಾ?" ನಿಲ್ರಿ, ಬೋನಸ್ ಮರೆತಿರಿ. ನಾಲ್ಕು ವರ್ಷ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಈಗ ನಿಮಗೆ ಶೇ. 45 ನೋ ಕ್ಲೇಮ್ ಬೋನಸ್ ಇದೆ, ಬರೋ ರಿನ್ಯೂವಲ್‌ಗೆ 50 ಆಗ್ತಿತ್ತು. ಕ್ಲೇಮ್ ಮಾಡಿದರೆ ಸೊನ್ನೆ. ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಬೇಕು.

ಕಾರಿನ ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಕಳೆಯೋ ಮೊದಲು ವರ್ಷಕ್ಕೆ 8,000 ಇದ್ದು, ಹಾಗೇ ಉಳಿದರೆ, ಐದು ವರ್ಷದಲ್ಲಿ ನಿಮ್ಮ ಕೈ ಬಿಡೋದು 4,000, 2,400, 2,000, 1,200, 400. ಕೂಡಿಸಿ ನೋಡ್ರಿ, 10,000. ಅಂದರೆ ಇಷ್ಟೆಲ್ಲ ಫಾರ್ಮು, ಫೋಟೋ, ಸರ್ವೇಯರ್ ಆದ ಮೇಲೆ ಗಿಟ್ಟಿದ್ದು 1,500 ರೂಪಾಯಿ. ದಾಂಡೇಲಿಯಿಂದ ಹುಬ್ಬಳ್ಳಿಗೆ ಬಿಡೋಕೆ ಒಮ್ಮೆ, ತರೋಕೆ ಒಮ್ಮೆ ಹೋಗಿಬಂದಿರಿ. ನಡುವೆ ಗಿರ್ಮಿಟ್ಟು, ಮಿರ್ಚಿ. ಲೆಕ್ಕ ಚುಕ್ತಾ!

ಜೀರೋ ಡೆಪ್ ಹಾಕಿಸಿದ್ದರೆ ಸವಕಳಿ ಕಡಿತ ತಪ್ತದೆ, ಖರೆ. ಆದರೆ ಅದನ್ನ ಹೊಸ ಕಾರಿಗೆ ಕೊಟ್ಟಷ್ಟು ಸಲೀಸಾಗಿ ಹಳೆಯದಕ್ಕೆ ಕೊಡೋದಿಲ್ಲ. ಬೋನಸ್ ಅಂತೂ ಅದರಲ್ಲೂ ಹೋಗ್ತದೆ, ಅದಕ್ಕೆ ಮತ್ತೊಂದು ಆಡ್-ಆನ್ ಬೇಕು. ನನ್ನ ಮಾತು ಕೇಳೋದಾದರೆ, ಗೀರು, ಸಣ್ಣ ತಗ್ಗು, ಒಡೆದ ಬಂಪರಿನ ಮೂಲೆ, ಇವಕ್ಕೆಲ್ಲ ಕಿಸೆಗೆ ಕೈ ಹಾಕಿ ಮೇಸ್ತ್ರಿಗೆ ಕೊಟ್ಟುಬಿಡಿ.

ಆದರೆ ನೀವು ಕೇಳೋರಲ್ಲ. ಹೇಗಿದ್ದರೂ ಕ್ಲೇಮ್ ಆಗ್ತದಲ್ಲ, ಹಳೇ ಗಾಯಗಳನ್ನೂ ಇದರಲ್ಲೇ ಸೇರಿಸೋಣ ಅಂತೀರಿ! ಹೋದ ಗಣೇಶ ಚೌತಿಯ ಡಿಕ್ಕಿ ತಗ್ಗು, ಅದರ ಹಿಂದಿನ ವರ್ಷ ಶಿರಸಿ ಜಾತ್ರೆಯಲ್ಲಿ ಆದ ಬಾಗಿಲ ಗೀರು, ಎಲ್ಲಾ ಆ ಒಂದೇ ರಾತ್ರಿ ಆ ಒಂದೇ ಕಾಡುಕೋಣ ಮಾಡಿದ್ದು. ಮುಂದೆ ಗುದ್ದಿ, ಸುತ್ತು ಹಾಕಿ ಬಂದು ಹಿಂದೆಯೂ ಗುದ್ದಿತಂತೆ. ಹಟಮಾರಿ ಪ್ರಾಣಿ.

ಸರ್ವೇಯರ್ ಬೆರಳಿನಿಂದ ತುಕ್ಕು ಕೆರೆದು ತೋರಿಸ್ತಾನೆ. "ನಿನ್ನೆ ಆದ ಪೆಟ್ಟಿಗೆ ಇಷ್ಟು ತುಕ್ಕು ಹೆಂಗ್ರೀ?" "ನಮ್ಮ ಕಡೆ ಮಳಿ ಭಾಳ ನೋಡ್ರಿ..." ಅವನು ನಗೋದಿಲ್ಲ, ಬರೆದುಕೊಳ್ತಾನೆ. ಗುದ್ದಿದ ದಿಕ್ಕು, ಎತ್ತರ, ಅಂಟಿದ ಬಣ್ಣ ನೋಡಿ ಯಾವ ತಗ್ಗು ಯಾವುದರ ಜೊತೆಗಾರ ಅಂತ ಹೇಳೋದೇ ಅವನ ಕಸುಬು. ನಿಮಗೆ ಕಥೆ ಕಟ್ಟೋ ಅಭ್ಯಾಸ ಇರಬಹುದು, ಅವನಿಗೆ ಅದನ್ನ ಬಿಚ್ಚೋ ಅಭ್ಯಾಸ.

ಆಮೇಲೆ ಅವನು ಒಂದೇ ಪ್ರಶ್ನೆ ಕೇಳ್ತಾನೆ: "ಗಾಡಿ ಓಡಿಸ್ತಿದ್ದೋರು ಯಾರು?" ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡ್ತೀರಿ. ಓಡಿಸಿದ್ದು ಮಗ, ಅವನಿಗೆ ಲೈಸೆನ್ಸ್ ಇಲ್ಲ. ಫಾರ್ಮಿನಲ್ಲಿ ಬರೆದದ್ದು ಅಜ್ಜನ ಹೆಸರು, ಅವರಿಗೆ ಕಣ್ಣಿನ ಆಪರೇಶನ್ ಆಗಿ ವಾರ ಆಗಿಲ್ಲ. (ಇದು ತಮಾಷೆಗೆ ಹೇಳಿದೆ ಅಂತ ನಗ್ತಿದ್ದೀರಿ. ಕ್ಲೇಮ್ ತಿರಸ್ಕಾರದ ಪತ್ರ ಬಂದಾಗ ಯಾರೂ ನಗೋದಿಲ್ಲ.)

ಹೋಮ್‌ಸ್ಟೇ ನಡೆಸೋ ಯಜಮಾನ್ರೆ, ಸ್ವಲ್ಪ ಇಲ್ಲಿ ಬರ್ರಿ. ಬಿಳಿ ಬೋರ್ಡ್ ಕಾರಿನಲ್ಲಿ ಗೆಸ್ಟುಗಳನ್ನ ಅಳ್ನಾವರ ಸ್ಟೇಶನ್ನಿನಿಂದ ಕರಕೊಂಡು ಬಂದು ದುಡ್ಡು ತಗೊಳ್ತೀರಲ್ಲ? ದಾರಿಯಲ್ಲಿ ಪಲ್ಟಿ ಆದರೆ, ಖಾಸಗಿ ಕಾರನ್ನ ಬಾಡಿಗೆಗೆ ಓಡಿಸಿದಿರಿ ಅಂತ ಕೈ ತೊಳೆದುಕೊಳ್ಳೋಕೆ ಕಂಪನಿಗೆ ಪಾಲಿಸಿಯಲ್ಲೇ ದಾರಿ ಇದೆ. "ಅವ್ರು ನಮ್ಮ ಸಂಬಂಧಿಕರು" ಅನ್ನಬೇಡಿ. ಆನ್‌ಲೈನಿನಲ್ಲಿ ಅವರೇ ನಿಮಗೆ ಐದು ಸ್ಟಾರ್ ಕೊಟ್ಟಿದ್ದಾರೆ.

ಗೋವಾ ಪಾಸಿಂಗ್ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ರಾಮನಗರದ ಕಡೆಯಿಂದ ತಂದಿರೋರೂ ಕೇಳ್ರಿ. ಪಾಲಿಸಿ ಇನ್ನೂ ಮಡಗಾಂವದ ಹಳೇ ಮಾಲೀಕರ ಹೆಸರಿನಲ್ಲೇ ಇದೆ, ಅಲ್ಲವಾ? ಥರ್ಡ್ ಪಾರ್ಟಿ ಭಾಗ ಕಾರಿನ ಹಿಂದೆ ತಾನೇ ಬರ್ತದೆ. ನಿಮ್ಮ ಕಾರಿನ ಹಾನಿಯ ಭಾಗ ಹಾಗೆ ಬರೋದಿಲ್ಲ, 14 ದಿನದೊಳಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಇನ್ನು ಅವರ ನೋ ಕ್ಲೇಮ್ ಬೋನಸ್ ಅವರದೇ. ಅದು ಮನುಷ್ಯನಿಗೆ ಸೇರಿದ್ದು, ಕಾರಿಗಲ್ಲ.

ಈಗ ಕುರ್ಚಿ ಹತ್ತಿರ ಎಳಕೊಳ್ರಿ, ದೊಡ್ಡ ವಿಷಯಕ್ಕೆ ಬರೋಣ. ಗೀರಲ್ಲ, ತಗ್ಗಲ್ಲ. ಮಾವಿನಮರಕ್ಕೋ ಲಾರಿಗೋ ಹೊಡೆದು ಕಾರಿನ ಮೂತಿ ಒಳಗೆ ಹೋಗಿದೆ, ದೇವರ ದಯೆಯಿಂದ ನೀವು ಹೊರಗೆ ನಿಂತು ಫೋನ್ ಮಾಡ್ತಿದ್ದೀರಿ. ಮೊದಲ ಏಟು ಟೋಯಿಂಗಿನದು. ಮಾಮೂಲಿ ಪಾಲಿಸಿ ಗಾಡಿ ಎಳೆಸೋಕೆ ಕೊಡೋದು ಹೆಚ್ಚೆಂದರೆ 1,500 ರೂಪಾಯಿ. ಅಣಶಿಯಿಂದ ಹುಬ್ಬಳ್ಳಿಗೆ 1,500ಕ್ಕೆ ಎಳಕೊಂಡು ಹೋಗೋ ಪುಣ್ಯಾತ್ಮ ಸಿಕ್ಕರೆ ನನಗೂ ನಂಬರ್ ಕೊಡ್ರಿ.

ವರ್ಕ್‌ಶಾಪಿನವರು ಮೇಲಿಂದ ನೋಡಿ 1.60 ಲಕ್ಷ ಅಂತಾರೆ. ಬಿಚ್ಚಿದ ಮೇಲೆ ರೇಡಿಯೇಟರ್ ಹೊರಟಿತು, ಏರ್‌ಬ್ಯಾಗ್ ಹೊರಟಿತು, ಚಾಸಿಯ ಮುಂದಿನ ಕಾಲು ಬಾಗಿದ್ದು ಕಂಡಿತು. ಎಸ್ಟಿಮೇಟು 2.40 ಲಕ್ಷಕ್ಕೆ ಏರಿತು. ಆಗ ಸರ್ವೇಯರ್ ಮೆಲ್ಲಗೆ ಹೇಳ್ತಾನೆ: "ಟೋಟಲ್ ಲಾಸ್ ಮಾಡಬೇಕಾಗ್ತದ್ರೀ." ನಿಮ್ಮ ಕಣ್ಣಲ್ಲಿ ನೀರು.

ಅಳೋ ಮೊದಲು ಪಾಲಿಸಿಯ ಮೊದಲನೇ ಹಾಳೆ ನೋಡ್ರಿ. ಅಲ್ಲಿ ಐಡಿವಿ ಅಂತ ಒಂದು ಅಂಕಿ ಇದೆ, ಕಾರಿಗೆ ನೀವೂ ಕಂಪನಿಯೂ ಒಪ್ಪಿಕೊಂಡ ಬೆಲೆ. ಹೊಸದರಲ್ಲಿ ಶೇ. 5 ಕಳೆದು ಹಿಡೀತಾರೆ, ವರ್ಷ ವರ್ಷ ಇಳಿಸ್ತಾ ನಾಲ್ಕು ದಾಟಿ ಐದರೊಳಗೆ ಅರ್ಧಕ್ಕೆ ತರ್ತಾರೆ, ಐದು ದಾಟಿದ ಮೇಲೆ ಮಾತುಕತೆ ಮೇಲೆ. ರಿಪೇರಿ ಖರ್ಚು ಈ ಅಂಕಿಯ ಶೇ. 75 ದಾಟಿತು ಅಂದರೆ ಕಾರು ಟೋಟಲ್ ಲಾಸ್.

ಈಗ ನೆನಪು ಮಾಡಿಕೊಳ್ರಿ, ಹೋದ ರಿನ್ಯೂವಲ್‌ನಲ್ಲಿ ಏಜೆಂಟ್ ಏನು ಹೇಳಿದ? "ಐಡಿವಿ ನಾಲ್ಕರ ಬದ್ಲಿ ಮೂರು ಲಕ್ಷ ಮಾಡೋಣ್ರಿ ಅಣ್ಣಾವ್ರ, ಪ್ರೀಮಿಯಂ ಇಳೀತದ." ನೀವು ಏನೆಂದಿರಿ? "ಮಾಡು ಮಾಡು, ಗಾಡಿಗೆ ಏನಾಗ್ತದ?" ನಾಲ್ಕು ಲಕ್ಷ ಇದ್ದಿದ್ದರೆ ಗೆರೆ ಮೂರು ಲಕ್ಷಕ್ಕಿತ್ತು, 2.40ರ ಬಿಲ್ಲಿಗೆ ಕಾರು ರಿಪೇರಿ ಆಗಿ ಮನೆಗೆ ಬರ್ತಿತ್ತು. ಮೂರು ಲಕ್ಷ ಮಾಡಿದಿರಿ, ಗೆರೆ 2.25ಕ್ಕೆ ಇಳಿಯಿತು, ಕಾರು ಗುಜರಿ. ಅವತ್ತು ನೀವು ಉಳಿಸಿದ ಕೆಲವು ನೂರು ರೂಪಾಯಿಯೇ ಇವತ್ತು ತೀರ್ಪು ಬರೆಯಿತು.

ಈ ಗೆರೆ ದಾಟೋ ಎಸ್ಟಿಮೇಟು ಬೇರೆಯವರಿಗೂ ಬಂದಿದೆ, ನೀವೊಬ್ಬರೇ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ನೀರು ನುಗ್ಗಿದಾಗ ಒಬ್ಬರ ಪೋಲೋ ಕಾರು ಮುಳುಗಿತು. 11 ಲಕ್ಷದ ಕಾರು, ರಿಪೇರಿಗೆ ವರ್ಕ್‌ಶಾಪಿನವರು ಕೊಟ್ಟ ಎಸ್ಟಿಮೇಟು 22 ಲಕ್ಷ! ಪೇಪರಿನಲ್ಲೆಲ್ಲ ಬಂತು. ಎರಡು ಹೊಸ ಕಾರು ತಗೋಬಹುದಿತ್ತಲ್ಲ ಅಂತ ನೀವೂ ನಕ್ಕಿದ್ದಿರಿ.

(ನೀರಿನ ಮಾತು ಬಂತು ಅಂತ ಒಂದು ಮಾತು. ಮಳೆಗಾಲದಲ್ಲಿ ಹಳ್ಳದ ನೀರು ಮೋರಿ ಮೇಲೆ ಹರೀತಿದ್ದಾಗ "ದಾಟ್ತದ ಬಿಡ್ರಿ" ಅಂತ ಇಳಿಸ್ತೀರಲ್ಲ? ನಡುವೆ ಬಂದ್ ಬಿದ್ದರೆ ಮತ್ತೆ ಮತ್ತೆ ಸ್ಟಾರ್ಟ್ ಹೊಡೀಬೇಡಿ. ಎಂಜಿನ್ ಒಳಗೆ ನೀರು ಎಳಕೊಂಡು ಕೆಟ್ಟರೆ, ಎಂಜಿನ್ ಪ್ರೊಟೆಕ್ಟ್ ಇಲ್ಲದ ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಹುಟ್ಟೋದಿಲ್ಲ.)

ಟೋಟಲ್ ಲಾಸ್ ಅಂದ ಕೂಡಲೇ ನಿಮ್ಮ ಮನೆಯಲ್ಲಿ ಸೂತಕ. ಅಪ್ಪ ರಿಟೈರ್ ಆದ ದುಡ್ಡಿನಲ್ಲಿ ತಂದ ಕಾರು, ತಂಗಿಯ ಮದುವೆ ಗಾಡಿ, ಮಗ ಹುಟ್ಟಿದಾಗ ಆಸ್ಪತ್ರೆಯಿಂದ ಬಂದದ್ದು ಇದರಲ್ಲೇ. ಎಲ್ಲಾ ಖರೆ. ಆದರೆ ಇದೇ ಕಾರನ್ನ ಮೂರು ತಿಂಗಳಿಂದ ತೊಳೆದಿರಲಿಲ್ಲ, ಸೀಟಿನ ಕೆಳಗೆ ಹೋದ ವರ್ಷದ ಶೇಂಗಾ ಸಿಪ್ಪೆ ಇದೆ. ಪ್ರೀತಿ ಉಕ್ಕಿದ್ದು ಗುಜರಿ ಅಂದ ಮೇಲೆ.

ಪ್ರೀತಿಯ ಹಿಂದೆಯೇ ದುರಾಸೆ ಬರ್ತದೆ. ಅವಶೇಷ ನೀವೇ ಇಟ್ಟುಕೊಳ್ತೀರಾ ಅಂತ ಕೇಳ್ತಾರೆ. ಗುಜರಿಯವರು ಆ ಮುದ್ದೆಗೆ 70,000 ಕೂಗಿದರು ಅಂತಿಟ್ಕೊಳ್ಳಿ. ನೀವೇ ಇಟ್ಟುಕೊಂಡರೆ ಮೂರು ಲಕ್ಷದಲ್ಲಿ ಆ 70,000, ಕಡ್ಡಾಯದ 1,000 ಕಳೆದು 2.29 ಲಕ್ಷ ಕೈಗೆ ಬರ್ತದೆ. ತಲೆಯಲ್ಲಿ ಗಂಟೆ ಬಾರಿಸ್ತು: ಕಂಪನಿ ರೇಟು 2.40, ಕಾಕಾನ ಪರಿಚಯದವರು 1.20ಕ್ಕೆ ಮಾಡಿಕೊಡ್ತಾರೆ, ಕಾರೂ ಉಳೀತು, ಲಕ್ಷ ರೂಪಾಯಿಯೂ ಉಳೀತು!

ಲೆಕ್ಕ ತಪ್ಪಿಲ್ಲ, ಅದೇ ಅಪಾಯ. ಬರೀ ಬಾನೆಟ್ಟು, ಬಾಗಿಲು, ಲೈಟು ಹೋಗಿದ್ದರೆ ನಾನೂ ಹೂಂ ಅಂತಿದ್ದೆ. ಚಾಸಿ ಬಾಗಿದ್ದು, ಪಿಲ್ಲರ್ ಸರಿದದ್ದು, ಏರ್‌ಬ್ಯಾಗು ಬಿಚ್ಚಿದ್ದು ಇದ್ದರೆ ಬೇಡ. 1.20ಕ್ಕೆ ಮಾಡೋರು ಹೊಸ ಏರ್‌ಬ್ಯಾಗು ಹಾಕೋದಿಲ್ಲ, ಡ್ಯಾಶ್‌ಬೋರ್ಡ್ ಮುಚ್ಚಿ ವಾರ್ನಿಂಗ್ ಲೈಟಿನ ವಾಯರ್ ಕತ್ತರಿಸ್ತಾರೆ. ಮುಂದಿನ ಸಲ ಅದು ಬಿಚ್ಚೋದಿಲ್ಲ. ಆ ಕಾರಿನಲ್ಲಿ ಕೂರೋದು ನಿಮ್ಮ ಮಕ್ಕಳು.

ಆಗಲೂ ನಿಮ್ಮ ಹತ್ತಿರ ಉಪಾಯ ಇದೆ ಅಂತ ಗೊತ್ತು. ಪಾಲಿಶ್ ಹೊಡೆಸಿ ಬೇರೆ ಊರಿನವರಿಗೆ ಮಾರಿಬಿಡೋದು. ಬ್ರಿಟನ್ನಿನಲ್ಲಿ 2017ರಿಂದ ಇಂಥ ಕಾರುಗಳಿಗೆ ಎ, ಬಿ, ಎಸ್, ಎನ್ ಅಂತ ಗುರುತು ಹಾಕ್ತಾರೆ. ಎ ಅಂದರೆ ಪೂರ್ತಿ ಜಜ್ಜಬೇಕು, ಎಸ್ ಅಂದರೆ ಎಲುಬಿಗೆ ಪೆಟ್ಟಾಗಿ ಸರಿ ಮಾಡಬಹುದಾದದ್ದು. ನಮ್ಮ ಆರ್‌ಸಿಯಲ್ಲಿ ಅಂಥ ಅಕ್ಷರಕ್ಕೆ ಜಾಗವಿಲ್ಲ. ಹಾಗಾಗಿ ನೀವು ಮಾರಿದ್ದು ಯಾರದೋ ಮನೆಗೆ, ಇನ್ಯಾರೋ ಮಾರಿದ್ದು ನಿಮ್ಮ ಮನೆಗೆ. (ಮೇಸ್ತ್ರಿ ಬಾಗಿಲು ತಟ್ಟಿದಾಗ ಮಂಕು ಸಪ್ಪಳ ಬಂತಲ್ಲ?)

ಗುಜರಿಗೆ ಕೊಡೋದಾದರೂ ಆರ್‌ಸಿ ಜೊತೆ ಕೊಟ್ಟು ದುಡ್ಡು ಎಣಿಸಿಕೊಂಡು ಬರಬೇಡಿ. ಹಾಳಾದ ಕಾರಿನ ಆರ್‌ಸಿ, ಚಾಸಿ ನಂಬರಿಗೆ ಒಳ್ಳೇ ಗಿರಾಕಿ ಇದ್ದಾರೆ, ಅದನ್ನ ಕದ್ದ ಕಾರಿಗೆ ಹೊಂದಿಸ್ತಾರೆ. ಕದ್ದ ಗಾಡಿ ಬಿಚ್ಚಿ ಮಾರೋದಕ್ಕೇ ಹೆಸರಾಗಿದ್ದ ಮೀರತ್ತಿನ ಸೋತಿಗಂಜ್ ಮಾರ್ಕೆಟ್ಟನ್ನ 2021ರ ಕೊನೆಗೆ ಪೊಲೀಸರು ಮುಚ್ಚಿಸಿದರು. ಕಸುಬು ಎಲ್ಲಾ ಕಡೆ ಮುಚ್ಚಿಲ್ಲ. ನಾಳೆ ಯಾವುದೋ ಊರಿನಲ್ಲಿ ನಿಮ್ಮ ಕೆಎ 65 ಓಡಾಡಿ, ಪೊಲೀಸರು ನಿಮ್ಮ ಬಾಗಿಲು ಬಡಿದರೆ ಯಾವ ಕಾಡುಕೋಣದ ಹೆಸರು ಹೇಳ್ತೀರಿ?

ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಲ್ಲಿ ಸ್ಪಷ್ಟವಾಗಿದೆ: ಗಾಡಿ ನಾಶವಾದರೆ, ಇನ್ನು ಓಡಿಸೋಕೆ ಬರದಂತಾದರೆ, 14 ದಿನದೊಳಗೆ ಅಥವಾ ಆದಷ್ಟು ಬೇಗ ಮಾಲೀಕ ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ದಾಂಡೇಲಿಯಲ್ಲೇ ಆಫೀಸಿದೆ, ಹಳಿಯಾಳ, ಜೋಯಿಡಾದವರು ಕಾರವಾರಕ್ಕೆ ಘಟ್ಟ ಇಳಿಯೋ ಕಾಲ ಹೋಯಿತು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು.

ಸರಿ, ಇಷ್ಟು ಹೊತ್ತು ನನ್ನ ಮಾತು ಕೇಳಿದಿರಿ, ಈಗ ಒಂದು ಕೆಲಸ ಮಾಡ್ರಿ. ಎದ್ದು ಹೋಗಿ ಗ್ಲೋವ್‌ಬಾಕ್ಸಿನಲ್ಲಿ ಬಿಸ್ಕಿಟ್ ಕವರಿನ ಕೆಳಗೆ ಮಡಚಿಟ್ಟ ಪಾಲಿಸಿ ಹೊರಗೆ ತೆಗೀರಿ. ಐಡಿವಿ ಎಷ್ಟಿದೆ, ಯಾರ ಹೆಸರಿನಲ್ಲಿದೆ, ಮುಗಿಯೋ ತಾರೀಕು ಯಾವುದು ನೋಡ್ರಿ. ತಾರೀಕು ದಾಟಿ 90 ದಿನ ಕಳೆದರೆ ಕೂಡಿಟ್ಟ ಬೋನಸ್ ಅಷ್ಟೂ ಹೋಗ್ತದೆ, ಆ ನಡುವೆ ಪೊಲೀಸರು ಹಿಡಿದರೆ ಮೊದಲ ಸಲಕ್ಕೇ 2,000 ದಂಡ. ಏನಂದಿರಿ? ಹೋದ ತಿಂಗಳೇ ಮುಗಿದಿದೆಯಾ? ಹಂಗಾದರೆ ಇನ್ನೂ ಯಾಕೆ ಓದ್ತಾ ಕೂತಿದ್ದೀರಿ, ಏಜೆಂಟನಿಗೆ ಫೋನ್ ಹಚ್ರಿ!